ಕಂಬಳಿ ಬದಲಿಸಿದವರು

“ಬುದ್ಧೀ, ಸತ್ತವರು ತಿರುಗಿ ಬರುತ್ತಾರಾ?”

ಕೇಳಿದವನು ಓಬಳಯ್ಯ. ಬಟ್ಟೆ ಇಸ್ತ್ರಿ ಮಾಡಿ ಬದುಕುವವನು. ಗುರುಗಳು ಮಠದ ಜಗುಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಯಾಕೆ ಕೇಳಿದೆ?” ಎಂದರು.

ಓಬಳಯ್ಯ ಜೇಬಿನಿಂದ ಪೇಪರಿನ ಚೂರು ತೆಗೆದ. ಲೋಕದ ವಿಚಿತ್ರ ಸುದ್ದಿಗಳನ್ನು ಹಾಕುವ ಮೂಲೆ ಅದು. ಇಸ್ತ್ರಿ ಬಟ್ಟೆ ಸುತ್ತಲು ಹಳೆಯ ಪೇಪರು ಕೊಳ್ಳುತ್ತಿದ್ದನಲ್ಲ, ಸುತ್ತುವ ಮುಂಚೆ ಆ ಮೂಲೆಯನ್ನು ಅಕ್ಷರ ಕೂಡಿಸಿ ಓದುವುದು ಅವನ ಅಭ್ಯಾಸ. ಎಲ್ಲೋ ಮಳೆಯ ಜೊತೆ ಮೀನು ಬಿತ್ತಂತೆ. ಎಲ್ಲೋ ಒಂದು ಹಸು ಊರಿನ ಕೋರ್ಟಿನಲ್ಲಿ ಸಾಕ್ಷಿಗೆ ನಿಂತಿತಂತೆ. ಹೆಂಡತಿ ಪಾಲಮ್ಮನಿಗೆ ಓದಿ ಹೇಳುತ್ತಿದ್ದ. ಅವಳು ನಗುತ್ತಿದ್ದಳು. “ಪೇಪರಿನವರದೂ ಹೊಟ್ಟೆಪಾಡು, ಬರೀತಾರೆ. ನೀನು ಬಟ್ಟೆ ಸುಡಬೇಡ” ಎನ್ನುತ್ತಿದ್ದಳು.

ಈಗ ಅವಳಿಲ್ಲ. ಕೊರೊನಾ ವರ್ಷ ಹೋದಳು.

ಪೇಪರಿನ ಚೂರಿನಲ್ಲಿ ಇದ್ದದ್ದು ಇಷ್ಟು. ಯಾವುದೋ ದೂರದ ಊರು. ಆ ರೋಗದ ಕಾಲದಲ್ಲಿ ಒಬ್ಬನ ಹೆಂಡತಿ ತೀರಿಕೊಂಡಳೆಂದು ಆಸ್ಪತ್ರೆಯಿಂದ ಸುತ್ತಿದ ಹೆಣ ಕೊಟ್ಟರು. ಅವನು ಸುಟ್ಟ. ತಿಥಿಯೂ ಆಯಿತು. ಕೆಲವು ದಿನ ಬಿಟ್ಟು ಆ ಹೆಂಗಸು ತಾನಾಗಿ ನಡೆದು ಮನೆಗೆ ಬಂದಳು. “ಕರೆದುಕೊಂಡು ಹೋಗಲು ಒಬ್ಬರೂ ಬರಲಿಲ್ಲವಲ್ಲ” ಎಂದು ಗಂಡನನ್ನು ಬೈದಳು.

“ಇದು ನಿಜವಾ ಬುದ್ಧೀ?” ಎಂದ ಓಬಳಯ್ಯ. “ಅಲ್ಲಿ ಆಗಿದ್ದರೆ ಇಲ್ಲಿಯೂ ಆಗಬಹುದಲ್ಲ?”

ಪಕ್ಕದಲ್ಲಿ ಪಾಲಮ್ಮನ ತಮ್ಮ ಕಾಟಯ್ಯ ಕೂತಿದ್ದ. ಅವನಿಗೆ ತಡೆಯಲಾಗಲಿಲ್ಲ.

“ಬುದ್ಧೀ, ನೀವೇ ಹೇಳಿ ಇವನಿಗೆ. ನಮ್ಮಕ್ಕ ಹೋಗಿ ವರ್ಷವಾಗುತ್ತಾ ಬಂತು. ತಿಥಿ ಮಾಡಲಿಲ್ಲ. ಒಂದು ಎಡೆ ಇಡಲಿಲ್ಲ. ಬರುವ ಅಮಾವಾಸ್ಯೆಗಾದರೂ ಇಡು ಭಾವ ಅಂದರೆ ಈ ಚೂರು ತೋರಿಸುತ್ತಾನೆ. ಪೇಟೆಗೆ ಇಸ್ತ್ರಿ ಗಾಡಿ ತೆಗೆದುಕೊಂಡು ಹೋಗುವುದೂ ಬಿಟ್ಟ. ಅವಳು ಬಂದಾಗ ಬಾಗಿಲಿಗೆ ಬೀಗ ಇರಬಾರದಂತೆ.”

“ಎಡೆ ಇಟ್ಟರೆ ಅವಳು ಸತ್ತಳೆಂದು ನಾನೇ ಒಪ್ಪಿದ ಹಾಗೆ” ಎಂದ ಓಬಳಯ್ಯ. “ಆಮೇಲೆ ಬಂದು ನಿಂತರೆ ಯಾವ ಮುಖ ತೋರಿಸಲಿ?”

“ನೀನು ಅವಳ ಮುಖ ನೋಡಿದೆಯಾ?” ಎಂದರು ಗುರುಗಳು.

“ಇಲ್ಲ ಬುದ್ಧೀ. ತಲೆಯಿಂದ ಕಾಲವರೆಗೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು. ಆಸ್ಪತ್ರೆಯವನು ಪಾಲಮ್ಮ ಅಂತ ಕೂಗಿದ. ನಾನು ಕೈ ಎತ್ತಿದೆ. ಅಷ್ಟೇ. ಸುಡುವ ಜಾಗದಲ್ಲಿ ಹತ್ತಿರ ಬಿಡಲಿಲ್ಲ. ಉದ್ದ ಬಿದಿರು ಗಳುವಿನ ತುದಿಗೆ ಬೆಂಕಿ ಕಟ್ಟಿ ಕೊಟ್ಟರು. ಮುಟ್ಟಿಸಿದೆ.” ಅವನು ಪೇಪರಿನ ಚೂರನ್ನು ಮತ್ತೆ ನೋಡಿದ. “ಪಾಲಮ್ಮ ಅನ್ನುವ ಹೆಸರು ನಮ್ಮ ಕಡೆ ಒಬ್ಬಳಿಗೇ ಇದೆಯಾ ಬುದ್ಧೀ?”

ಕಾಟಯ್ಯ ನೆಲ ನೋಡಿದ.

ಗುರುಗಳು ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದರು. “ಒಂದು ನಡೆದ ಸಂಗತಿ ಹೇಳುತ್ತೇನೆ. ಅವಸರ ಮಾಡದೆ ಕೇಳು” ಎಂದರು.

ಟಾರು ರಸ್ತೆ ಬರುವುದಕ್ಕಿಂತ ಎಷ್ಟೋ ಹಿಂದಿನ ಮಾತು. ನಮ್ಮ ಕಡೆಯವರು ಎತ್ತಿನ ಬೆನ್ನಿಗೆ ಹೇರು ಹಾಕಿ ಘಟ್ಟ ಇಳಿದು ಸಮುದ್ರದ ದಂಡೆಗೆ ಹೋಗುತ್ತಿದ್ದರು. ಇಲ್ಲಿಂದ ಎಣ್ಣೆ, ಮೆಣಸಿನಕಾಯಿ. ಅಲ್ಲಿಂದ ಉಪ್ಪು. ಒಂದು ಗುಂಪಿನಲ್ಲಿ ಒಬ್ಬ ಗಾಣಿಗ ಇದ್ದ. ಒಬ್ಬ ರೈತ ಇದ್ದ. ಇಬ್ಬರದೂ ಬೇರೆ ಬೇರೆ ಊರು. ದಾರಿಯಲ್ಲಿ ಪರಿಚಯ. ಗಾಣಿಗನ ಎತ್ತು ಹೊಳೆಯಲ್ಲಿ ಜಾರಿತು. ರೈತ ಬಾಲ ಹಿಡಿದು ಎಳೆದ. ಅಲ್ಲಿಂದ ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡರು.

ಆ ದಾರಿಯವರಲ್ಲಿ ಎರಡು ವಾಡಿಕೆ ಇತ್ತು.

ಮನೆಯ ಹೆಂಗಸು ಗಂಡನ ಕಂಬಳಿಯ ಒಂದು ಮೂಲೆಗೆ ಬಣ್ಣದ ದಾರದಲ್ಲಿ ಗುರುತು ಹೊಲಿಯುತ್ತಿದ್ದಳು. ಒಂದು ಮನೆಯ ಹೊಲಿಗೆ ಇನ್ನೊಂದು ಮನೆಗೆ ಬರುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಸತ್ತರೆ ಅಲ್ಲೇ ಸುಟ್ಟು, ಆ ಮೂಲೆಯನ್ನು ಕತ್ತರಿಸಿ ಮನೆಗೆ ತಂದು ಕೊಡುತ್ತಿದ್ದರು. ಹೆಂಗಸು ತನ್ನ ಹೊಲಿಗೆ ನೋಡಿ ತಿಳಿದುಕೊಳ್ಳುತ್ತಿದ್ದಳು. ಇದು ಒಂದು.

ಇನ್ನೊಂದು, ಇಬ್ಬರು ಗಂಡಸರು ಜೀವದ ಗೆಳೆಯರಾದರೆ ಕಂಬಳಿ ಬದಲಿಸಿಕೊಳ್ಳುತ್ತಿದ್ದರು. ಬದಲಿಸಿದ್ದನ್ನು ಯಾರಿಗೂ ಹೇಳಬಾರದು. ಹೇಳಿದರೆ ಸ್ನೇಹಕ್ಕೆ ದೃಷ್ಟಿಯಾಗುತ್ತದೆ ಎಂದು ನಂಬಿಕೆ.

ಗಾಣಿಗನೂ ರೈತನೂ ಬದಲಿಸಿಕೊಂಡರು. ಯಾರಿಗೂ ಹೇಳಲಿಲ್ಲ.

ಸಮುದ್ರದ ದಂಡೆಯಲ್ಲಿ ಗುಂಪಿಗೆ ವಾಂತಿಭೇದಿ ತಗುಲಿತು. ಇವರಿಬ್ಬರೂ ಮಲಗಿದರು. ಉಳಿದವರು ಹೆದರಿ ದೂರ ಹೋದರು. ಗಾಣಿಗನಿಗೆ ಬಾಯಾರಿಕೆ. ಕೂಗಿದರೆ ಬರುವವರಿಲ್ಲ. ಹೊದ್ದ ಕಂಬಳಿಯಲ್ಲೇ ನೀರು ಹುಡುಕುತ್ತಾ ತೆವಳಿಕೊಂಡು ಹೋದ. ಉಪ್ಪಿನ ಗದ್ದೆಯ ಬದುವಿನ ಮೇಲೆ ಬಿದ್ದ. ಉಪ್ಪು ಮಾಡುವವರು ಕಂಡು ತಮ್ಮ ಗುಡಿಸಿಲಿಗೆ ಹೊತ್ತುಕೊಂಡು ಹೋದರು. ಅವನಿಗೆ ಇದೊಂದೂ ಗೊತ್ತಿಲ್ಲ.

ಗುಂಪಿನವರು ಬಂದು ನೋಡಿದಾಗ ಒಬ್ಬನೇ ಇದ್ದ. ಕಂಬಳಿ ಮುಸುಕು ಹಾಕಿ ಮಲಗಿದ್ದ. ಉಸಿರಿಲ್ಲ. ಮುಸುಕು ತೆಗೆಯಲು ಯಾರಿಗೂ ಧೈರ್ಯವಿಲ್ಲ. ಕುಡುಗೋಲನ್ನು ಕೋಲಿಗೆ ಕಟ್ಟಿ ಮೂಲೆ ಕತ್ತರಿಸಿದರು. ನೋಡಿದರೆ ಗಾಣಿಗನ ಮನೆಯ ಗುರುತು. ಅಯ್ಯೋ ಪಾಪ ಎಂದರು. ಸುಟ್ಟರು. ರೈತ ಹೆದರಿ ಎಲ್ಲಿಗೋ ಓಡಿಹೋಗಿದ್ದಾನೆ, ತಾನೇ ಬರುತ್ತಾನೆ ಎಂದುಕೊಂಡು ಎತ್ತು ಹೊಡೆದುಕೊಂಡು ಹೊರಟುಬಂದರು.

ಗಾಣಿಗನ ಹೆಂಡತಿ ಮೂಲೆಯನ್ನು ಕೈಯಲ್ಲಿ ಹಿಡಿದಳು. ಹೊಲಿಗೆ ತನ್ನದೇ. ಕೆಂಪು ದಾರ ತನ್ನದೇ. ಇನ್ನೇನು ಸಾಕ್ಷಿ ಬೇಕು? ಬಳೆ ಒಡೆದರು. ತಿಥಿ ಮಾಡಿದರು. ಅವಳು ಆ ಮೂಲೆಯನ್ನು ಗೋಡೆಯ ಗೂಡಿನಲ್ಲಿ ಇಟ್ಟು, ಅಮಾವಾಸ್ಯೆ ಬಂದಾಗಲೆಲ್ಲ ಅದರ ಮುಂದೆ ಎಡೆ ಇಟ್ಟು ಅತ್ತಳು.

ರೈತನ ಹೆಂಡತಿಗೆ ಬೇರೆ ಸುದ್ದಿ ಮುಟ್ಟಿತು. ನಿನ್ನ ಗಂಡ ಗುಂಪು ತಪ್ಪಿದ್ದಾನೆ, ಬರುತ್ತಾನೆ ಎಂದು. ಅವಳು ಕುಂಕುಮ ಇಟ್ಟುಕೊಂಡು ದಾರಿ ನೋಡುತ್ತಿದ್ದಳು.

ಗುರುಗಳು ಇಲ್ಲಿ ನಿಲ್ಲಿಸಿ ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು. ಓಬಳಯ್ಯ ಮುಂದಕ್ಕೆ ಬಾಗಿದ್ದ.

“ಗಾಣಿಗ ಬದುಕಿದ್ದಾನಲ್ಲ ಬುದ್ಧೀ?”

“ಬದುಕಿದ್ದಾನೆ.”

“ಮತ್ತೆ ಯಾಕೆ ಬರಲಿಲ್ಲ?”

“ಕಾಲಿನ ಬಲವೇ ಹೋಗಿತ್ತು. ಹೇಳಿ ಕಳಿಸಲು ಆ ಕಡೆ ಬರುವವರಿರಲಿಲ್ಲ. ರೋಗದ ಭಯಕ್ಕೆ ನಮ್ಮವರು ಆ ದಾರಿಯನ್ನೇ ಬಿಟ್ಟಿದ್ದರು. ಗುಂಪಿನವರು ನನ್ನನ್ನು ಬಿಟ್ಟುಹೋದರು, ಗೆಳೆಯನೂ ಬಿಟ್ಟುಹೋದ ಎಂದು ಅವನಿಗೆ ಸಿಟ್ಟು. ಎರಡು ಮಳೆಗಾಲ ಉಪ್ಪಿನವರ ಅನ್ನ ಉಂಡ. ಕಾಲಿಗೆ ಬಲ ಬಂದ ಮೇಲೆ ನಡೆದು ಬಂದ.”

ಊರ ಬಾಗಿಲಲ್ಲಿ ಒಬ್ಬ ಮುದುಕಿ ಬೆರಣಿ ತಟ್ಟುತ್ತಿದ್ದಳು. ಅವನನ್ನು ಕಂಡಳು. ಸಗಣಿಯ ಕೈಯನ್ನು ಅವನಿಗೆ ಅಡ್ಡ ಹಿಡಿದಳು.

“ಅಯ್ಯೋ, ಹಿರಿಯರ ಅಮಾವಾಸ್ಯೆ ನಾಳೆ ಕಣಪ್ಪ. ಇವತ್ತೇ ಯಾಕೆ ಬಂದೆ?” ಎಂದಳು.

“ನನ್ನ ಮನೆಗೆ ಬರಲು ನನಗೆ ಅಮಾವಾಸ್ಯೆ ಬೇಕಾ ಅಜ್ಜಿ?” ಎಂದ ಗಾಣಿಗ.

“ನಾಳೆ ಬಾ. ಹೋಳಿಗೆ ಮಾಡುತ್ತಾರೆ” ಎಂದಳು ಮುದುಕಿ.

ಓಬಳಯ್ಯನಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು. ಬಂದದ್ದಕ್ಕೆ ಅವನೇ ಗಾಬರಿಯಾದ.

ಬೀದಿಯ ಬಾಗಿಲುಗಳೆಲ್ಲ ಹಾಕಿಕೊಂಡವು. ಹೆಂಡತಿ ಮಾತ್ರ ಹೊರಗೆ ಬಂದಳು. ಮೊದಲು ಅವನ ಪಾದ ನೋಡಿದಳು. ಪಾದ ಮುಂದಕ್ಕೇ ಇತ್ತು. ಆಮೇಲೆ ಮುಖ ನೋಡಿದಳು. ಹೊಸ್ತಿಲ ಮೇಲೆ ಕುಸಿದು ಕೂತಳು.

ಊರ ಹಿರಿಯರು ಸೇರಿದರು. ಅವರಿಗೆ ದಿಕ್ಕು ತೋಚಲಿಲ್ಲ. ಇಂಥದ್ದು ಅವರ ಅಪ್ಪಂದಿರ ಕಾಲದಲ್ಲೂ ಆಗಿರಲಿಲ್ಲ.

“ನೀನು ಸತ್ತಿದ್ದೀಯ ಮಾರಾಯ. ನಿನ್ನ ತಿಥಿಯ ಊಟ ನಾವು ಉಂಡಿದ್ದೇವೆ” ಎಂದ ಒಬ್ಬ.

“ಉಂಡದ್ದನ್ನು ಈಗ ವಾಪಸ್ಸು ಕೊಡಲಿಕ್ಕಾಗುತ್ತದಾ?” ಎಂದ ಇನ್ನೊಬ್ಬ.

“ಹಾಗಾದರೆ ನಾನೇನು ಮಾಡಲಿ? ಹೋಗಿ ಸತ್ತು ಬರಲಾ?” ಎಂದ ಗಾಣಿಗ.

ಕೊನೆಗೆ ಒಂದು ತೀರ್ಮಾನವಾಯಿತು. ಸತ್ತವನು ಊರಿನಲ್ಲಿ ಇರಬೇಕಾದರೆ ಮತ್ತೆ ಹುಟ್ಟಬೇಕು. ಕಾಳು ತುಂಬುವ ದೊಡ್ಡ ಮಣ್ಣಿನ ವಾಡೆ ತಂದರು. ಅದರೊಳಗೆ ಅವನನ್ನು ಮುದುರಿ ಕೂರಿಸಿದರು. ಸೂಲಗಿತ್ತಿಯನ್ನು ಕರೆಸಿದರು. ಅವಳು ಒಳಗೆ ಕೈ ಹಾಕಿ ತಲೆ ಹಿಡಿದು ಎಳೆದಳು.

“ನಾನು ಈ ಊರಿನ ಕೂಸುಗಳನ್ನೆಲ್ಲ ಎತ್ತಿದವಳು. ಮೀಸೆ ಹೊತ್ತುಕೊಂಡು ಬಂದದ್ದು ಇದೊಂದೇ” ಎಂದಳು. ಊರೆಲ್ಲ ನಕ್ಕಿತು. ಅವಳು ಬೆನ್ನಿಗೆ ಒಂದು ಏಟು ಕೊಟ್ಟಳು. “ಅಳೋ! ಹುಟ್ಟಿದ ಮೇಲೆ ಅಳಬೇಕು.”

ಗಾಣಿಗ ನಗುತ್ತಿದ್ದ. ಅಳು ಬರಲಿಲ್ಲ. ಅತ್ತ ಹಾಗೆ ಮಾಡಿದ. ಮೀಯಿಸಿದರು. ಕಿವಿಯಲ್ಲಿ ಹೆಸರು ಹೇಳಿದರು, ಹಳೆಯ ಹೆಸರೇ. ಮರುದಿನ ಬೆಳಿಗ್ಗೆ ಅವನ ಹೆಂಡತಿಗೇ ಅವನಿಂದ ಮತ್ತೆ ತಾಳಿ ಕಟ್ಟಿಸಿದರು. ಮನೆಯಲ್ಲಿ ಊಟಕ್ಕೆ ಎಲೆ ಹಾಕಿದರು. ಹಿರಿಯರ ಅಮಾವಾಸ್ಯೆ, ಹೊಸ ಮದುವೆ, ಎರಡೂ ಒಂದೇ ದಿನ. ಯಾವುದರ ಊಟ ಉಣ್ಣುತ್ತಿದ್ದೇವೆಂದು ಉಣ್ಣುವವರಿಗೂ ತಿಳಿಯಲಿಲ್ಲ.

ಗಾಣಿಗನ ಹೆಂಡತಿ ಸಾಲಿಗೆ ಬಡಿಸುತ್ತಾ ಬಂದಳು. ಬಡಿಸುತ್ತಾ ಬಡಿಸುತ್ತಾ ಒಂದು ಎಲೆ ತೆಗೆದುಕೊಂಡು ಗೂಡಿನ ಮುಂದೆ ಹಾಸಿದಳು. ಅದಕ್ಕೆ ಮುದ್ದೆ ಇಟ್ಟಳು. ಹುರುಳಿ ಸಾರು ಬಿಟ್ಟಳು. ಕೈ ತಾನೇ ನಡೆದುಬಿಟ್ಟಿತು.

“ಅದು ಯಾರಿಗೆ?” ಎಂದ ಗಾಣಿಗ.

“ನಿನಗೆ” ಎಂದಳು.

“ನಾನು ಇಲ್ಲಿ ಕೂತಿದ್ದೇನಲ್ಲೇ.”

ಅವಳು ಅವನನ್ನು ನೋಡಿದಳು. ಗೂಡನ್ನು ನೋಡಿದಳು. ಸಾರಿನ ಸೌಟು ಕೈಯಲ್ಲೇ ಉಳಿಯಿತು.

ಗಾಣಿಗ ಎದ್ದು ಗೂಡಿನಲ್ಲಿದ್ದ ಕಂಬಳಿಯ ಮೂಲೆ ತೆಗೆದ. ಆವರೆಗೆ ಅದನ್ನು ಅವನು ನೋಡಿರಲಿಲ್ಲ. ಸತ್ತವನೆಂದರು, ಹುಟ್ಟು ಎಂದರು, ಹುಟ್ಟಿದ. ಯಾವ ಗುರುತಿನ ಮೇಲೆ ಸತ್ತವನೆಂದರು ಅನ್ನುವುದನ್ನು ಕೇಳಿರಲಿಲ್ಲ. ಕೆಂಪು ದಾರದ ಹೊಲಿಗೆ. ತನ್ನ ಕಂಬಳಿಯದು. ತಾನು ಗೆಳೆಯನಿಗೆ ಹೊದಿಸಿದ ಕಂಬಳಿಯದು.

ಬಿಟ್ಟುಹೋದ ಎಂದು ಎರಡು ಮಳೆಗಾಲ ಬೈದುಕೊಂಡಿದ್ದನಲ್ಲ, ಆ ಗೆಳೆಯ.

“ಹಾಗಾದರೆ ಸುಟ್ಟದ್ದು ಯಾರನ್ನ?” ಎಂದ. ಗೊತ್ತಿದ್ದೂ ಕೇಳಿದ. ಬೇರೆ ಯಾರಾದರೂ ಬೇರೆ ಹೆಸರು ಹೇಳಲಿ ಎಂದು ಕೇಳಿದ.

“ಯಾರೋ ಪರದೇಸಿ ಇರಬೇಕು. ನೀನು ಬಂದೆಯಲ್ಲ, ಉಣ್ಣು, ಉಣ್ಣು” ಎಂದರು ಸಾಲಿನವರು.

ಅವನು ಎಲೆಗೆ ಮರಳಲಿಲ್ಲ. ತಾನು ಹೊದ್ದುಬಂದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಅದು ರೈತನ ಮನೆಯದು. ಹೆಂಡತಿ ಸೌಟು ಕೆಳಗಿಟ್ಟಳು.

“ನಾನೂ ಬರುತ್ತೇನೆ” ಎಂದಳು.

“ನೀನು ಯಾಕೆ? ಅವನು ನನ್ನ ಗೆಳೆಯ.”

“ಅತ್ತವಳು ನಾನು” ಎಂದಳು.

ಇಬ್ಬರೂ ನಡೆದರು. ಕಂಬಳಿ ಬದಲಿಸಿಕೊಂಡದ್ದನ್ನು ಅವನು ದಾರಿಯಲ್ಲಿ ಅವಳಿಗೆ ಹೇಳಿದ. ರೈತನ ಊರಿನ ಕಣದಲ್ಲಿ ರೈತನ ಹೆಂಡತಿ ಕಾಳು ತೂರುತ್ತಿದ್ದಳು. ದೂರದಿಂದಲೇ ಕಂಬಳಿ ಕಂಡಳು. ಮೂಲೆಯ ಹಳದಿ ದಾರ ಕಂಡಳು. ಮೊರ ಬಿಸಾಡಿ ಓಡಿಬಂದಳು. ಹತ್ತಿರ ಬಂದು ಮುಖ ನೋಡಿದಳು. ಬೇರೆಯವನ ಮುಖ. ಅವನ ಭುಜದಾಚೆ ದಾರಿಯನ್ನು ನೋಡಿದಳು.

“ಹಿಂದೆ ಬರುತ್ತಿದ್ದಾರಾ?” ಎಂದಳು.

ವಾಡೆಯಿಂದ ಹೊರಗೆ ಬಂದಾಗ ಬಾರದ ಅಳು ಗಾಣಿಗನಿಗೆ ಆಗ ಬಂತು. ಅವನ ಹೆಂಡತಿ ಮುಂದೆ ಬಂದಳು. ಕೆಂಪು ದಾರದ ಮೂಲೆಯನ್ನು ರೈತನ ಹೆಂಡತಿಯ ಕೈಗೆ ಇಟ್ಟಳು. ಇವರು ಕಂಬಳಿ ಬದಲಿಸಿಕೊಂಡದ್ದು, ಅಲ್ಲಿ ಉರಿದದ್ದು, ಇಲ್ಲಿ ತಾನು ಬಳೆ ಒಡೆದದ್ದು, ಎಲ್ಲವನ್ನೂ ಹೇಳಿದಳು. ರೈತನ ಹೆಂಡತಿ ನಿಂತೇ ಕೇಳಿದಳು.

“ನಿನ್ನವರು ಹಸಿದಿಲ್ಲ ಅಕ್ಕ” ಎಂದಳು ಗಾಣಿಗನ ಹೆಂಡತಿ. “ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ. ನನ್ನ ಗಂಡನೆಂದೇ ಇಟ್ಟೆ. ಆದರೆ ಇಟ್ಟೆ.”

ರೈತನ ಹೆಂಡತಿ ಆ ಮೂಲೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಏನು ಇಡುತ್ತಿದ್ದೆ?” ಎಂದಳು ರೈತನ ಹೆಂಡತಿ.

“ಮುದ್ದೆ. ಹುರುಳಿ ಸಾರು.”

“ಅವರಿಗೆ ಹುರುಳಿ ಸೇರುತ್ತಿರಲಿಲ್ಲ” ಎಂದಳು.

ಅಷ್ಟು ಹೇಳಿ ಅವಳು ಅತ್ತಳು. ಗಾಣಿಗನ ಹೆಂಡತಿಯೂ ಅತ್ತಳು. ಇವಳು ಅದೇ ಗಂಡಸಿಗಾಗಿ ಮೊದಲೇ ಅತ್ತಿದ್ದವಳು. ಈ ಸಲ ಯಾರಿಗೆ ಎಂದು ತಿಳಿದು ಅತ್ತಳು.

ಗುರುಗಳು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು ಸುಲಿಯಲು ತೊಡಗಿದರು.

ಕಾಟಯ್ಯ ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಓಬಳಯ್ಯನ ಹಣೆ ಗಂಟಿಕ್ಕಿತ್ತು. ಅವನು ಕತೆಯಲ್ಲಿ ತನಗೆ ಬೇಕಾದದ್ದನ್ನು ಹುಡುಕುತ್ತಿದ್ದ. ಸಿಕ್ಕಿದ ಹಾಗೆ ಇತ್ತು. ಕೈಯಲ್ಲಿ ನಿಲ್ಲಲಿಲ್ಲ.

“ಗಾಣಿಗ ಬಂದನಲ್ಲ ಬುದ್ಧೀ” ಎಂದ.

“ಬಂದ.”

“ಅಂದರೆ ಪೇಪರಿನದು ಸುಳ್ಳಲ್ಲ.”

“ನಾನು ಸುಳ್ಳು ಅನ್ನಲಿಲ್ಲ.”

“ನನ್ನವಳೂ ಬರಬಹುದು.”

“ಬುದ್ಧೀ!” ಎಂದ ಕಾಟಯ್ಯ. “ಇವನಿಗೆ ಬುದ್ಧಿ ಹೇಳಿ ಅಂತ ಕರೆದುಕೊಂಡು ಬಂದರೆ ನೀವೂ ಇವನ ಕಡೆಯೇ ಮಾತಾಡುತ್ತೀರಲ್ಲ. ಇನ್ನು ಹತ್ತು ವರ್ಷ ಬಾಗಿಲು ತೆರೆದು ಕೂರುತ್ತಾನೆ ಇವನು.”

ಗುರುಗಳು ಅವನ ಕಡೆ ನೋಡಲಿಲ್ಲ. ಓಬಳಯ್ಯನನ್ನು ನೋಡಿದರು.

“ಬಂದರೆ ಬರಲಿ ಓಬಳಯ್ಯ, ಬಾಗಿಲು ತೆರೆದೇ ಇರಲಿ, ಆದರೆ ನೀನು ಬೆಂಕಿ ಮುಟ್ಟಿಸಿದ ಆ ಹೆಣ್ಣುಮಗಳು ಯಾರೋ, ಅವಳು ವರ್ಷದಿಂದ ಹಸಿದು ನಿಂತಿದ್ದಾಳಲ್ಲಪ್ಪ” ಎಂದರು.

ಓಬಳಯ್ಯ ಪೇಪರಿನ ಚೂರನ್ನು ಮಡಚಿ ಜೇಬಿಗೆ ಇಟ್ಟ. “ಅಮಾವಾಸ್ಯೆ ಯಾವತ್ತು ಕಾಟಯ್ಯ?” ಎಂದ.